ಸಂಜೆ ಆರೂವರೆಗೆ ಹೋಗಿ ಕೂರಲು ಒಂದು ಜಾಗ

ಕೇಳುಗರೇ, ನಮಸ್ಕಾರ.

ಕುಡಿತ ಬಿಟ್ಟವರಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತು ಸಂಜೆ ಆರೂವರೆ. ಕೆಲಸ ಮುಗಿದಿರುತ್ತದೆ, ಜೇಬಿನಲ್ಲಿ ನಾಲ್ಕು ಕಾಸಿರುತ್ತದೆ, ಕಾಲು ತಾನಾಗಿ ಹಳೇ ದಾರಿ ಹಿಡಿಯುತ್ತದೆ. ಆ ಹೊತ್ತಿಗೆ ಹೋಗಿ ಕೂರಲು ಇನ್ನೊಂದು ಜಾಗ ಬೇಕು, ಅಂದರೆ ಕುಡಿತ ಬಿಟ್ಟವರೇ ಸೇರುವ ಒಂದು ಕೂಟ. ಅದನ್ನು ಹುಡುಕುವ ಬಗೆಯೇ ಈ ಹೊತ್ತಿನ ಮಾತು.

ಮೊದಲು ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಲೆಂದೇ ಒಂದು ಗುಟುಕು ಹಾಕುವವರು, ‘ಇವತ್ತಿಂದ ಬಿಟ್ಟೆ’ ಎಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಕುಡಿತದಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಊರು ದಿಕ್ಕು ತಿಳಿಯದೆ ಬಡಬಡಿಸುವುದು ಶುರುವಾಗಬಹುದು. ಜೀವಕ್ಕೇ ಅಪಾಯವಾಗುವ ಸ್ಥಿತಿ ಇದು. ಜಿಲ್ಲಾಸ್ಪತ್ರೆಯ ಮನೋವೈದ್ಯರು ನಡುಕಕ್ಕೆ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ-1 ವಿಟಮಿನ್ ಕೊಡುತ್ತಾರೆ. ಮೈ ತಹಬಂದಿಗೆ ಬಂದ ಮೇಲೆ ಕೂಟದ ಕೆಲಸ. ಕೂಟ ಆಸ್ಪತ್ರೆಯಲ್ಲ, ಅಲ್ಲಿ ಯಾರೂ ಔಷಧಿ ಕೊಡುವುದಿಲ್ಲ.

ಇನ್ನು ಹುಡುಕುವುದು. ಎಲ್ಲರೂ ‘ಎ.ಎ.’ ಎನ್ನುವ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು. ಬೆಂಗಳೂರಿನಲ್ಲಿ ಇದರ ಮೀಟಿಂಗುಗಳು ಹಲವು ಕಡೆ ನಡೆಯುತ್ತವೆ. ಎ.ಎ.ಗೆ ಫೋನ್ ಮಾಡಿದರೆ ಎತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟವರೇ, ಅವರಿಗೆ ಪೀಠಿಕೆ ಬೇಕಿಲ್ಲ. ಮೂರು ವಿಷಯ ಕೇಳಿ. ಮೀಟಿಂಗು ಯಾವ ಭಾಷೆಯಲ್ಲಿ? ಓಪನ್ನೋ ಕ್ಲೋಸ್ಡೋ? ಒಳಗೆ ಹೋಗುವುದು ಯಾವ ಗೇಟಿನಿಂದ? ಓಪನ್ ಮೀಟಿಂಗಿಗೆ ಹೆಂಡತಿ, ಅಣ್ಣ, ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಬಿಡಬೇಕೆಂದಿರುವವರಿಗೆ ಮಾತ್ರ.

ಗೇಟಿನ ಪ್ರಶ್ನೆ ಸಣ್ಣದಲ್ಲ. ಮೀಟಿಂಗು ಶಾಲೆಯ ಹಿಂದಿನ ಕೊಠಡಿಯಲ್ಲೋ ಚರ್ಚಿನ ಹಾಲಿನಲ್ಲೋ ಇರುತ್ತದೆ. ಬೋರ್ಡು ಇದ್ದರೂ ಅಂಗೈ ಅಗಲದ್ದು. ಹೊಸಬರು ಎರಡು ಸುತ್ತು ಹಾಕುತ್ತಾರೆ, ಯಾರನ್ನಾದರೂ ಕೇಳಲು ನಾಚಿಕೆ, ಹತ್ತು ನಿಮಿಷದಲ್ಲಿ ವಾಪಸ್ಸು. ವಾಪಸ್ಸಿನ ದಾರಿಯಲ್ಲಿ ಏನಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಹತ್ತಿರ ಒಬ್ಬರು ನಿಂತಿರಲಿ ಎಂದು ಫೋನಿನಲ್ಲೇ ಕೇಳಿಬಿಡಿ, ಸಂಕೋಚ ಬೇಡ.

ಒಳಗೆ ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರಾಗಿ ತಮ್ಮ ಕುಡಿತದ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ‘ನಾನು ಇವತ್ತು ಬರೀ ಕೇಳ್ತೀನಿ’ ಎಂದರೆ ಸಾಕು. ಪೂರ್ತಿ ಹೆಸರು, ಊರು, ಜಾತಿ ಯಾರೂ ಕೇಳುವುದಿಲ್ಲ. ಫೀಸಿಲ್ಲ. ಕೊನೆಗೆ ಬಾಡಿಗೆ, ಚಹಾದ ಖರ್ಚಿಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಹಾಕಲೇಬೇಕೆಂದಿಲ್ಲ. ಎ.ಎ. ಹೆಸರಲ್ಲಿ ಯಾರಾದರೂ ಸೇರುವ ಶುಲ್ಕ ಕೇಳಿದರೆ ಅದು ಎ.ಎ. ಅಲ್ಲವೇ ಅಲ್ಲ.

ದೇವರ ಮಾತು ಬರುತ್ತದೆ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ‘ನಾವು ತಿಳಿದಂತೆ ದೇವರು’ ಎಂದೇ ಇದೆ. ಕೆಲವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ನಂಬಿಕೆ ಇಲ್ಲದವರೂ ಅಲ್ಲಿ ಕೂರುತ್ತಾರೆ, ಆ ಕೂಟವೇ ತಮಗಿಂತ ದೊಡ್ಡದು ಎಂದುಕೊಳ್ಳುತ್ತಾರೆ. ಒಂದು ಕೂಟ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೇ ಮೀಟಿಂಗು ನೋಡಿ ತೀರ್ಪು ಕೊಡಬೇಡಿ, ಕನಿಷ್ಠ ಐದಾರು ನೋಡಿ.

ಊರಿನಲ್ಲಿ ಎ.ಎ. ಇಲ್ಲದಿದ್ದರೆ? ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ 8 ದಿನದ ಮದ್ಯವರ್ಜನ ಶಿಬಿರ ನಡೆಸುತ್ತವೆ. ಎಂಟು ದಿನಕ್ಕಿಂತ ಮುಖ್ಯ ಅದರ ನಂತರದ್ದು: ಶಿಬಿರ ಮುಗಿಸಿದವರು ನವಜೀವನ ಸಮಿತಿಯಾಗಿ ಸೇರುತ್ತಾರೆ. ಶಿಬಿರದ ಹಾರ ತುರಾಯಿ ಮುಗಿಸಿ ಸಮಿತಿಗೆ ತಲೆ ಹಾಕದವರು ಜಾತ್ರೆಗೋ ಮದುವೆಗೋ ಮತ್ತೆ ಜಾರುವುದು ಸಾಮಾನ್ಯ. ಊರಲ್ಲಿ ಗುರುತಿನವರು ನೋಡುತ್ತಾರೆ ಎಂಬ ಅಂಜಿಕೆಯಿದ್ದರೆ ಪಕ್ಕದ ತಾಲ್ಲೂಕಿನ ಕೂಟಕ್ಕೆ ಹೋಗಿ. ಊರು ನೀವು ಕುಡಿದು ಬಿದ್ದದ್ದನ್ನೇ ನೋಡಿದೆ ಎನ್ನುವುದು ಬೇರೆ ಮಾತು.

ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಕುಡಿಯುವವರು ಬಿಡದಿದ್ದರೂ ನೀವು ಹೋಗಬಹುದು. ಒಂದು ಕೆಲಸ ಮಾತ್ರ ಮಾಡಬೇಡಿ: ಕುಡಿತ ಬಿಡಿಸುವ ಮಾತ್ರೆಯನ್ನು ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ ಬೆರೆಸಬೇಡಿ. ಅದು ಡೈಸಲ್ಫಿರಾಮ್ ಆಗಿದ್ದರೆ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವ ಮಾತ್ರೆ ಅದು.

ಜಾರಿದರೆ? ಮಾರನೆಯ ಮೀಟಿಂಗಿಗೇ ಹೋಗಿ. ಎಷ್ಟು ದಿನ ಬಿಟ್ಟಿದ್ದೆ ಎಂಬ ಲೆಕ್ಕ ಸೊನ್ನೆಯಾಯಿತೆಂದು ಮುಖ ಮುಚ್ಚಿಕೊಳ್ಳುವವರೇ ತಿಂಗಳುಗಟ್ಟಲೆ ಕಾಣೆಯಾಗುವುದು. ಕುರ್ಚಿ ಅಲ್ಲೇ ಇರುತ್ತದೆ.

ಯಾವ ಕೂಟ, ಯಾವ ಆಸ್ಪತ್ರೆ ಎಂದು ತೋಚದಿದ್ದರೆ ಸರಕಾರದ ಎರಡು ಉಚಿತ ಸಂಖ್ಯೆಗಳಿವೆ. ಪೆನ್ನು ತೆಗೆದುಕೊಳ್ಳಿ. ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ: ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು. ಮತ್ತೊಂದು: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.