ದಾರಿಯ ಎರಡೂ ಬದಿಗೆ ಕಂಬದ ಮರ

ಕೇಳುಗರೆಲ್ಲರಿಗೂ ನಮಸ್ಕಾರ. ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಎರಡೂ ಬದಿಗೆ ಅಳತೆ ಹಿಡಿದು ಮರ ನೆಡುವ ಆಸೆ ನಮ್ಮಲ್ಲಿ ಬಹಳ ಜನರಿಗಿದೆ. ಅಂತಹ ಸಾಲಿಗೆ ಎತ್ತರಕ್ಕೆ ಏರಿಯೂ ಮೈ ಚಾಚದ ಸಪೂರ ಮರವೇ ಬೇಕು. ಆದರೆ ಚಿತ್ರದಲ್ಲಿ ಕಂಡದ್ದನ್ನು ತರುವ ಮೊದಲು ಚಿಕ್ಕಮಗಳೂರಿನ ಮಳೆಯನ್ನು ಒಮ್ಮೆ ನೆನೆಯಿರಿ.

ಚಿತ್ರದಲ್ಲಿರುವುದು ಸಾಮಾನ್ಯವಾಗಿ ಇಟಲಿಯ ಸೈಪ್ರೆಸ್. ಅದು ಮೆಡಿಟರೇನಿಯನ್ ಸೀಮೆಯದು. ಅಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಒಣ. ನಾನು ನಾಲ್ಕು ಗಿಡ ತಂದು ಅಂಗಳದ ಜೇಡಿಮಣ್ಣಿನಲ್ಲಿ ನೆಟ್ಟಿದ್ದೆ. ಆರಿದ್ರಾ ಮಳೆಯಲ್ಲಿ ಹಸಿರಾಗಿಯೇ ಇದ್ದವು. ಪುಷ್ಯ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಬುಡದಿಂದ ಕಂದು ಏರತೊಡಗಿತು. ಕಿತ್ತರೆ ಗುಂಡಿಯ ತುಂಬ ನೀರು. ಕಪ್ಪಾದ ಬೇರಿನ ಸಿಪ್ಪೆ ಬೆರಳಿಗೇ ಬಂತು. ಕಡೂರು, ಅರಸೀಕೆರೆಯ ಕಡೆ ನೀರು ಬಸಿಯುವ ನೆಲವಿದ್ದವರು ಸೈಪ್ರೆಸ್ ನೆಡಿ. ಮೂಡಿಗೆರೆ, ಸಕಲೇಶಪುರದವರಿಗೆ ಬೇಡವೆಂದೇ ಹೇಳುತ್ತೇನೆ.

ನಮಗೆ ಒಗ್ಗುವುದು ಕಂಬದ ಮರ. ನರ್ಸರಿಯಲ್ಲಿ ಅದನ್ನೇ ಅಶೋಕ ಎನ್ನುತ್ತಾರೆ. ಕಿತ್ತಳೆ, ಕೆಂಪು ಗೊಂಚಲು ಬಿಡುವ ನಿಜವಾದ ಅಶೋಕ ಬೇರೆ, ಅದು ಹರಡಿ ಬೆಳೆಯುತ್ತದೆ. ಕಂಬದ ಮರದಲ್ಲೂ ಹರಡುವ ಬಗೆಯೊಂದಿದೆ. ಕೊಂಬೆ ಇಳಿಬಿಟ್ಟು ನೆಟ್ಟಗೆ ಏರುವುದನ್ನೇ ಕೇಳಿ ತನ್ನಿ. ಎಲೆ ಉದ್ದ, ಅಂಚು ಅಲೆಅಲೆ, ತುದಿ ಚೂಪು. ಮಳೆನೀರು ಎಲೆಯಿಂದ ಎಲೆಗೆ ಜಾರುತ್ತಾ ಕೆಳಗಿಳಿಯುವುದನ್ನು ಜಗುಲಿಯಲ್ಲಿ ನಿಂತು ನೋಡುವುದೇ ಒಂದು ಸುಖ. ಸುಳಿಯನ್ನು ಮಾತ್ರ ಕತ್ತರಿಸಬೇಡಿ, ಒಂದರ ಜಾಗದಲ್ಲಿ ನಾಲ್ಕು ಎದ್ದು ಕಂಬದ ಅಂದ ಕೆಡುತ್ತದೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯಿರುವ ಚಿಟ್ಟೆಯೊಂದು ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಹುಳು ಕಂಡ ತಕ್ಷಣ ಔಷಧಿ ಹೊಡೆಯಬೇಡಿ.

ಕಾಫಿ ತೋಟದ ಸಿಲ್ವರ್ ಓಕ್ ಸಪೂರವಾಗಿ ಕಾಣುವುದು ಮರಗಸಿಯಿಂದ, ಅಂದರೆ ಕೊಂಬೆ ಸವರುವುದರಿಂದ. ಗಾಳಿಗೆ ಕೊಂಬೆ ಮುರಿಯುವ ಮರ, ಮನೆಯ ಪಕ್ಕ ಬೇಡ. ಮರಗಳ ನಡುವೆ ಗಿಡ ಬೇಕಿದ್ದರೆ ಥೂಜಾ ಸಾಕು, ಅದಕ್ಕೂ ನೀರು ನಿಲ್ಲಬಾರದು.

ಇನ್ನು, ನಮ್ಮ ಹಿತ್ತಲಿನ ಅಡಿಕೆಯನ್ನು ಯಾರೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ ಎಂಬುದು ನನ್ನ ನೋವು. ಅದಕ್ಕಿಂತ ನೆಟ್ಟನೆಯ ಕಂಬ ಯಾವುದಿದೆ? ತೋಟದಲ್ಲಿ ನೆಡುವ ಹಾಗೆಯೇ 9 ಅಡಿಗೊಂದರಂತೆ ದಾರಿಗೂ ನೆಡಿ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ನೈರುತ್ಯದ ಇಳಿಬಿಸಿಲು ಎಳೆಯ ಕಾಂಡವನ್ನು ಸುಡುತ್ತದೆ. ಆ ಬದಿಗೆ ಒಣಸೋಗೆ ಕಟ್ಟಿ. ನಮಸ್ಕಾರ.