ಯಂತ್ರ ಹೆಣೆದ ಚದುರಂಗದ ಒಗಟುಗಳು

ಕಲಬುರಗಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಚದುರಂಗದ ಒಗಟನ್ನು ಬಿಡಿಸುವುದು ಬೇರೆ, ಹೊಸದಾಗಿ ಹೆಣೆಯುವುದು ಬೇರೆ. ಬಿಡಿಸುವುದನ್ನು ಗಣಕಯಂತ್ರ 1951ರಲ್ಲಿಯೇ ಕಲಿತಿತ್ತು. ಮ್ಯಾಂಚೆಸ್ಟರಿನಲ್ಲಿ ಡೀಟ್ರಿಶ್ ಪ್ರಿಂಟ್ಸ್ ಬರೆದ ಪ್ರೋಗ್ರಾಂ ಎರಡು ನಡೆಗಳಲ್ಲಿ ಎದುರಾಳಿ ರಾಜನನ್ನು ತಪ್ಪಿಸಿಕೊಳ್ಳದಂತೆ ಸಿಕ್ಕಿಸುವ, ಅಂದರೆ ಮಾತ್ ಮಾಡುವ ಒಗಟುಗಳಿಗೆ ಉತ್ತರ ಹುಡುಕುತ್ತಿತ್ತು. 1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನೇ ಸೋಲಿಸಿತು. ಆದರೆ ಹೆಣೆಯುವ ಕಲೆ ಯಂತ್ರಕ್ಕೆ ಅಷ್ಟು ಬೇಗ ಒಲಿಯಲಿಲ್ಲ, ಏಕೆಂದರೆ ಒಗಟಿಗೆ ಉತ್ತರವಿದ್ದರೆ ಸಾಲದು, ಆ ಉತ್ತರ ಬೆರಗು ಹುಟ್ಟಿಸಬೇಕು.

ಬೆರಗು ಎಂದರೇನೆಂದು ಹೇಳುತ್ತೇನೆ, ಮಣೆಯಿದ್ದವರು ಕಾಯಿಗಳನ್ನು ಇಟ್ಟುಕೊಳ್ಳಿ. ಬಿಳಿಯರ ಕಡೆಯಿಂದ ನೋಡಿದರೆ ಉದ್ದಸಾಲುಗಳು ಎಡದಿಂದ ಎ ಇಂದ ಹೆಚ್, ಅಡ್ಡಸಾಲುಗಳು ಕೆಳಗಿನಿಂದ 1ರಿಂದ 8. ಬಿಳಿ ರಾಜ ಹೆಚ್8, ಬಿಳಿ ಪೇದೆ ಸಿ6. ಕಪ್ಪು ರಾಜ ಎ6, ಕಪ್ಪು ಪೇದೆ ಹೆಚ್5. ಕೊನೆಯ ಸಾಲು ಮುಟ್ಟಿದ ಪೇದೆ ರಾಣಿಯಾಗುತ್ತದೆ. ಬಿಳಿಯರ ನಡೆ, ಆಟ ಡ್ರಾ ಆಗಬೇಕು. ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಈ ಒಗಟನ್ನು ಇಲ್ಲಿನ ನೆಹರೂ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ಹಿರಿಯರೊಬ್ಬರ ಮುಂದಿಟ್ಟೆ. ಬಹಳ ಗಟ್ಟಿ ಆಟಗಾರರು ಅವರು. ಒಮ್ಮೆ ನೋಡಿದವರೇ, "ಇದು ಸೋತ ಆಟ ಬಿಡ್ರಿ ಸರ್, ಆ ಪೇದೆ ಇನ್ನ ಕೈಗೆ ಸಿಗಂಗಿಲ್ಲ" ಎಂದರು. ನಾನು ರಾಜನನ್ನು ಓರೆಯಾಗಿ ಜಿ7ಕ್ಕೆ, ಎಫ್6ಕ್ಕೆ, ಇ5ಕ್ಕೆ ನಡೆಸಿದೆ. ಓರೆಯಾಗಿ ಇಟ್ಟ ಪ್ರತಿ ಹೆಜ್ಜೆಯೂ ಶತ್ರುವಿನ ಪೇದೆಯನ್ನು ಬೆನ್ನಟ್ಟುತ್ತದೆ, ಅದೇ ಹೆಜ್ಜೆ ತನ್ನ ಪೇದೆಯ ನೆರವಿಗೂ ಹೋಗುತ್ತದೆ. ಕಪ್ಪು ಒಂದನ್ನು ತಡೆದರೆ ಇನ್ನೊಂದು ಕೈಗೂಡುತ್ತದೆ. ಅವರು ಚಹಾ ಪಕ್ಕಕ್ಕಿಟ್ಟು, "ಮೊದಲಿನಂಗ ಇಡ್ರಿ, ಇನ್ನೊಮ್ಮೆ ನೋಡ್ತೀನಿ" ಎಂದರು. ಆ "ಇನ್ನೊಮ್ಮೆ" ಇದೆಯಲ್ಲ, ಒಗಟು ಹೆಣೆಯುವವನಿಗೆ ಸಿಗುವ ಕೂಲಿ ಅದೇ.

ಕಥೆಯಲ್ಲೇ ಸಮಯ ಸರಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 2025ರಲ್ಲಿ ಗೂಗಲ್‌ನ ಕೃತಕ ಬುದ್ಧಿಮತ್ತೆ ಸಂಸ್ಥೆ ಡೀಪ್‌ಮೈಂಡ್‌ನ ಸಂಶೋಧಕರು, ಲೈಚೆಸ್ ಎಂಬ ಅಂತರ್ಜಾಲ ಚದುರಂಗ ತಾಣದ ಲಕ್ಷಗಟ್ಟಲೆ ಒಗಟುಗಳಿಂದ ಪಾಠ ಕಲಿತು ಹೊಸ ಒಗಟು ಹೆಣೆಯುವ ಪ್ರೋಗ್ರಾಮಿಗೆ ಈ ಬೆರಗನ್ನೇ ಗುರಿಯಾಗಿ ಕೊಟ್ಟರು. ಮೇಲೆಮೇಲೆ ನೋಡಿದಾಗ ಹೊಳೆಯದ ನಡೆಯೊಂದು ಆಳವಾಗಿ ಲೆಕ್ಕ ಹಾಕಿದಾಗ ಸರಿಯಾದ ಏಕೈಕ ನಡೆಯೆಂದು ಕಂಡುಬಂದರೆ ಪ್ರೋಗ್ರಾಮಿಗೆ ಅಂಕ ಸಿಗುತ್ತಿತ್ತು. ಇದರಿಂದ ಅದು ಹೆಣೆದ ಒಗಟುಗಳಲ್ಲಿ ಬೆರಗಿನವುಗಳ ಪ್ರಮಾಣ ಶೇಕಡಾ 0.22ರಿಂದ 2.5ಕ್ಕೆ ಏರಿತು. ಹಾಗಿದ್ದೂ ಅವುಗಳಲ್ಲಿ ಉತ್ತಮವಾದವನ್ನು ಆರಿಸಿಕೊಡಲು ಅಮಾಟ್ಸಿಯಾ ಅವ್ನಿ, ಜೊನಾಥನ್ ಲೆವಿಟ್, ಮ್ಯಾಥ್ಯೂ ಸ್ಯಾಡ್ಲರ್ ಎಂಬ ಪರಿಣತರನ್ನೇ ಕೇಳಬೇಕಾಯಿತು.

ಇಷ್ಟು ಶ್ರಮದಿಂದ ಹುಟ್ಟಿದ ಒಗಟು ಕೈಗೆ ಬಂದಾಗ ನಮ್ಮ ಹುಡುಗರು ಅರೆಗಳಿಗೆಯೂ ತಾಳದೆ ಮೊಬೈಲಿನಲ್ಲಿ ನಡೆ ಲೆಕ್ಕ ಹಾಕುವ ಚದುರಂಗದ ಎಂಜಿನ್ನಿನಿಂದ ಉತ್ತರ ತೆಗೆಯುತ್ತಾರೆ. ಹಾಗಾದ ಮೇಲೆ ಬೆರಗು ಎಲ್ಲಿಂದ ಬರಬೇಕು? ಪಾಲಕರು ದಯವಿಟ್ಟು ಮೊಬೈಲನ್ನು ಅರ್ಧ ಗಂಟೆ ತಮ್ಮ ಬಳಿ ಇಟ್ಟುಕೊಂಡು, ಮಕ್ಕಳನ್ನು ಮಣೆಯ ಮುಂದೆ ಕೂರಿಸಬೇಕು. ನಮಸ್ಕಾರ.