ಕುರಿಗಳ ಸಾಲಿನ ಹುಡುಗಿ

ಕೇಳುಗರೇ, ನಮಸ್ಕಾರ.

ಬಳ್ಳಾರಿಯ ನಮ್ಮ ಸಭೆಯಲ್ಲಿ ಹನ್ನೊಂದು ವರ್ಷದಿಂದ ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ನವೆಂಬರಿನ ಒಂದು ಭಾನುವಾರ ಆರಾಧನೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಬ್ಬ ತಾಯಿ ಎಲ್ಲರ ಮುಂದೆಯೇ ಕೇಳಿದರು. "ಟೀಚರ್, ನಾವು ಕಾಣಿಕೆ ಜಾಸ್ತಿ ಹಾಕಂಗಿಲ್ಲ ಅಂತ ನನ್ನ ಮಗಳಿಗೆ ಕ್ರಿಸ್ಮಸ್ ನಾಟಕದಾಗ ಪಾರ್ಟ್ ಕೊಡಂಗಿಲ್ಲೇನ್ರಿ?"

ಮೈಯೆಲ್ಲ ಉರಿಯಿತು. ಯಾರು ಎಷ್ಟು ಕಾಣಿಕೆ ಹಾಕುತ್ತಾರೆ ಅಂತ ನನಗೆ ಗೊತ್ತೇ ಇಲ್ಲ. ಅದನ್ನೇ ಜೋರಾಗಿ ಹೇಳಿ ಮನೆಗೆ ಬಂದೆ. ಊಟ ಸೇರಲಿಲ್ಲ. ಮನಸ್ಸಿನಲ್ಲೇ ಅವರ ಜೊತೆ ಸಂಜೆಯವರೆಗೂ ಜಗಳ ಆಡಿದೆ.

ಆವತ್ತು ರಾತ್ರಿ ಬೈಬಲ್ ಓದಿಗೆ ಬಂದದ್ದು ಎರಡನೆಯ ಸಮುವೇಲ 16ನೇ ಅಧ್ಯಾಯ. ಮಗ ಅಬ್ಷಾಲೋಮ ತಿರುಗಿಬಿದ್ದಿದ್ದಾನೆ. ರಾಜ ದಾವೀದ ಊರು ಬಿಟ್ಟು ಹೊರಟಿದ್ದಾನೆ. ಬರಿಗಾಲು, ತಲೆಗೆ ಮುಸುಕು. ಬಹುರೀಮಿನ ಹತ್ತಿರ ಶಿಮ್ಮಿ ಎಂಬವನು ಕಲ್ಲು ತೂರುತ್ತಾ, ಮಣ್ಣು ಎರಚುತ್ತಾ ಶಪಿಸುತ್ತಾನೆ. ಕೊಲೆಗಾರ, ಹಿಂದಿನ ರಾಜ ಸೌಲನ ಮನೆಯವರ ರಕ್ತ ನಿನ್ನ ತಲೆ ಮೇಲಿದೆ ಅನ್ನುತ್ತಾನೆ. ಪಕ್ಕದಲ್ಲಿದ್ದ ಅಬೀಷೈಗೆ ತಡೆಯಲಾಗಲಿಲ್ಲ. ಈ ಸತ್ತ ನಾಯಿಯ ತಲೆ ಹಾರಿಸಿ ಬರಲಾ ಅಂತ ಕೇಳಿದ. ದಾವೀದ ಬೇಡ ಅಂದ. ಶಪಿಸಲಿ ಬಿಡು, ಯೆಹೋವನೇ ಅವನಿಗೆ ಹೇಳಿದ್ದಾನೆ ಅಂದ.

ಈ ಕಥೆ ನಾನೇ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೆ. ದಾವೀದನ ತಾಳ್ಮೆ ನೋಡಿ ಅಂತಿದ್ದೆ. ಆವತ್ತು ಬೇರೆ ಒಂದು ಕಂಡಿತು. ಎರಡು ಸಲ ಕೈಗೆ ಸಿಕ್ಕರೂ ದಾವೀದ ಸೌಲನನ್ನು ಕೊಂದಿರಲಿಲ್ಲ. ಆದರೆ ತನ್ನದೇ ಸೈನಿಕ ಊರೀಯ? ಅವನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ್ದು ದಾವೀದನೇ ಅಲ್ವಾ? ಶಿಮ್ಮಿ ಹೇಳಿದ ಹೆಸರು ತಪ್ಪು. ರಕ್ತ ಅನ್ನೋ ಮಾತು ತಪ್ಪಲ್ಲ. ಅದಕ್ಕೇ ದಾವೀದ ವಾದಕ್ಕೆ ನಿಲ್ಲಲಿಲ್ಲ ಅಂತ ನನಗನ್ನಿಸುತ್ತದೆ.

ಎದ್ದು ನಾಟಕದ ಹಳೆಯ ನೋಟ್‌ಬುಕ್ ತೆಗೆದೆ. ಮರಿಯ, ಯೋಸೇಫ, ದೇವದೂತ ಗಬ್ರಿಯೇಲ. ನಾಲ್ಕು ಕ್ರಿಸ್ಮಸ್, ಅದೇ ಐದು ಮಕ್ಕಳು. ಬೇಗ ಬಾಯಿಪಾಠ ಮಾಡೋರು, ಮೈಕ್ ಮುಂದೆ ಹೆದರದವರು. ಆ ತಾಯಿಯ ಮಗಳ ಹೆಸರು ನಾಲ್ಕೂ ವರ್ಷ ಕುರಿಗಳ ಸಾಲಿನಲ್ಲಿತ್ತು. ಕಾಣಿಕೆಯ ಮಾತು ಸುಳ್ಳು. ಭೇದ ಮಾಡಿದ್ದು ನಿಜ.

ಹಾಗಂತ ಯಾರು ಏನಂದರೂ ಸುಮ್ನೆ ನುಂಗಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ವಿಚಾರಣೆಯಲ್ಲಿ ಆಳೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಕೇಳಿಯೇ ಕೇಳಿದನು: ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ? ಆದರೆ ಶಿಲುಬೆಯ ಹತ್ತಿರ ಬಂದವರು ನಾವು. ನಾನು ಪಾಪಿ ಅಂತ ಒಪ್ಪಿಕೊಂಡೇ ಬಂದವರು. ಅಷ್ಟು ದೊಡ್ಡ ಮಾತು ಒಪ್ಪಿದ ಮೇಲೆ ನೆರೆಯವರ ಒಂದು ದೂರಿಗೆ ಕಿವಿ ಮುಚ್ಚಿಕೊಳ್ಳೋದು ಯಾಕೆ?

ನಮ್ಮ ಊರಿನದೇ ಒಂದು ವಿಷಯ ಹೇಳುತ್ತೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಜೊತೆಗಾರ ವಿಲಿಯಂ ರೀವ್ ಅವರೂ ವರ್ಷಗಟ್ಟಲೆ ದುಡಿದು ಬೈಬಲ್ಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಬೈಬಲ್ ಅಚ್ಚಾಯಿತು. ಆಮೇಲೆ ಬಂದವರು ಅದರ ಕನ್ನಡವನ್ನು ತಿದ್ದಿದರು. ದೇವರ ವಾಕ್ಯದ ಅನುವಾದವನ್ನೇ ತಿದ್ದಬಹುದಾದರೆ ನನ್ನನ್ನು ತಿದ್ದಬಾರದಾ?

ಮಂಗಳವಾರ ಕೌಲ್ ಬಜಾರಿನ ಅವರ ಮನೆಗೆ ಹೋದೆ. ಜೀನ್ಸ್ ಪ್ಯಾಂಟಿನ ರಾಶಿ ಮುಂದೆ ಕೂತು ದಾರ ಕತ್ತರಿಸುತ್ತಿದ್ದರು. ತೊಡೆ ಮೇಲೆಲ್ಲ ನೀಲಿ ನೂಲು.

"ಅಕ್ಕಾ, ಕಾಣಿಕೆ ಮಾತು ನಿಜ ಅಲ್ಲ. ಆದರೆ ನಿಮ್ಮ ಮಗಳ ಕಡೆ ನಾನು ನೋಡೇ ಇಲ್ಲ. ತಪ್ಪಾಯ್ತು."

ಕತ್ತರಿ ನಿಂತಿತು. "ನಾನೂ ಮಂದಿ ಮುಂದ ಅನ್ನಬಾರದಿತ್ತು" ಅಂದರು. ಪ್ಯಾಂಟುಗಳನ್ನು ಸರಿಸಿ ಕೂರಲು ಜಾಗ ಮಾಡಿದರು.

ಬಾಗಿಲ ಹಿಂದೆ ನಿಂತಿದ್ದ ಹುಡುಗಿಯನ್ನು ಕರೆದೆ. ಯಾವ ಪಾರ್ಟ್ ಬೇಕಮ್ಮ ಅಂದೆ. ಅವಳು ಉತ್ತರ ಕೊಡಲಿಲ್ಲ. ಕೈ ಕಟ್ಟಿ ನಿಂತು, "ಹೆದರಬೇಡ ಮರಿಯಳೇ" ಅಂತ ಶುರು ಮಾಡಿ ಗಬ್ರಿಯೇಲನ ಮಾತು ಪೂರ್ತಿ ಹೇಳಿದಳು. ನಾಲ್ಕು ವರ್ಷ ಕುರಿಗಳ ಸಾಲಿನಲ್ಲಿ ನಿಂತು ಕೇಳಿಸಿಕೊಂಡಿದ್ದಳು.